ಸರಪಳಿಯ ಹುಡುಗ, ರಕ್ತ ಬಾಚುವ ತೋಳು, ಗುಳಿಗನ ಮೊಗ

ಪ್ರಶ್ನೆ: ನನ್ನ ಮಗಳು ಮಂಗಳೂರಿನಲ್ಲಿ ದೃಶ್ಯಕಲೆ ಓದುತ್ತಿದ್ದಾಳೆ. ಈಚೆಗೆ ಮೊಬೈಲ್‌ನಲ್ಲಿ ಎರಡು ವಿಡಿಯೋ ತೋರಿಸಿದಳು. ಒಂದರಲ್ಲಿ ಹುಡುಗನ ಆಕಾರದ ದೊಡ್ಡ ಗೊಂಬೆಯನ್ನು ಯಂತ್ರ ಸರಪಳಿಯಿಂದ ಮೇಲೆತ್ತಿ ನೆಲಕ್ಕೆ ಬಡಿಯುತ್ತದೆ, ಗೊಂಬೆ ನೋಡುವವರ ಕಣ್ಣನ್ನೇ ದಿಟ್ಟಿಸುತ್ತದೆ. ಇನ್ನೊಂದರಲ್ಲಿ ರೋಬೋಟ್ ತೋಳೊಂದು ರಕ್ತದಂಥ ದ್ರವವನ್ನು ಬಾಚಿಕೊಳ್ಳುತ್ತಲೇ ಇರುತ್ತದೆ. ಅದು ಕೊನೆಗೆ ‘ಸತ್ತುಹೋಯಿತು’ ಎಂದು ಓದಿ ಅತ್ತುಬಿಟ್ಟೆ. ಚಿಕ್ಕಂದಿನಿಂದ ಗುಳಿಗ ದೈವದ ಕೋಲ ನೋಡಿ ಬೆಳೆದವಳು ನಾನು, ಅಲ್ಲಿಯೂ ಹೆದರಿಕೆ ಇತ್ತು. ಆದರೆ ಇಷ್ಟು ಅಸಹ್ಯವಾಗಿ ಮೈ ಜುಮ್ಮೆಂದದ್ದಿಲ್ಲ. ಇದು ಕಲೆಯೇ? ಯಾಕೆ ಹೀಗಾಗುತ್ತದೆ? ಮಗಳು ಕೊನೆಯ ವರ್ಷದ ಪ್ರದರ್ಶನಕ್ಕೆ ತಿರುಗಿ ನೋಡುವ ದೈವದ ಮೊಗವೊಂದನ್ನು ಯಂತ್ರದಲ್ಲಿ ಮಾಡಲು ಹೊರಟಿದ್ದಾಳೆ. ಬಿಡಬಹುದೇ?
– ಓದುಗರೊಬ್ಬರು, ಕಾಪು

ಉತ್ತರ: ಮೊದಲು ಆ ತೋಳಿನ ಸಾವಿನ ಸುದ್ದಿಯನ್ನು ಇತ್ಯರ್ಥ ಮಾಡೋಣ. ಅದು ಸತ್ತಿಲ್ಲ, ಸಾಯುವಂಥದ್ದೂ ಅಲ್ಲ.

ಕೃತಿಯ ಹೆಸರು ‘ಕಾಂಟ್ ಹೆಲ್ಪ್ ಮೈಸೆಲ್ಫ್’. ಚೀನಾದ ಸುನ್ ಯುವಾನ್ ಮತ್ತು ಪೆಂಗ್ ಯು ಎಂಬ ಕಲಾವಿದ ಜೋಡಿ 2016ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂಗಾಗಿ ಮಾಡಿದ್ದು. ಕಾರ್ಖಾನೆಗಳಲ್ಲಿ ಬಳಸುವ ಕೂಕಾ ಕಂಪನಿಯ ರೋಬೋಟ್ ತೋಳು, ಅದರ ತುದಿಗೆ ನೆಲ ಬಾಚುವ ಅಗಲವಾದ ಸಲಕರಣೆ, ಸುತ್ತಲೂ ಪಾರದರ್ಶಕ ಗೋಡೆ. ಕಡುಗೆಂಪು ದ್ರವ ತಾನಾಗಿ ಹರಡುತ್ತ ಗೊತ್ತುಪಡಿಸಿದ ಗಡಿ ದಾಟಿದರೆ ಕ್ಯಾಮೆರಾ ಅದನ್ನು ಕಂಡುಹಿಡಿಯುತ್ತದೆ, ತೋಳು ಬಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಈ ಕೆಲಸದ ನಡುನಡುವೆ ಅದು ಮೈ ತುರಿಸಿಕೊಳ್ಳುತ್ತದೆ, ಬಾಗಿ ವಂದಿಸುತ್ತದೆ, ಸೊಂಟ ಕುಣಿಸುತ್ತದೆ. ಇಂಥ 32 ಚಲನೆಗಳನ್ನು ಕಲಾವಿದರು ಅದಕ್ಕೆ ಬರೆದುಕೊಟ್ಟಿದ್ದರು. 2019ರಲ್ಲಿ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲೂ ಅದನ್ನು ತೋರಿಸಿದರು. ಅದಾದ ಮೇಲೆ ವಿಡಿಯೋಗಳ ಜೊತೆ ಒಂದು ಕಥೆ ಅಂಟಿಕೊಂಡಿತು: ಆ ದ್ರವ ತೋಳಿನದೇ ಹೈಡ್ರಾಲಿಕ್ ಎಣ್ಣೆಯಂತೆ, ಸೋರಿಹೋಗುವ ತನ್ನ ಜೀವರಸವನ್ನೇ ಅದು ಬಾಚಿಕೊಳ್ಳುತ್ತಿತ್ತಂತೆ, ವರ್ಷಗಳು ಕಳೆದಂತೆ ದಣಿದು ನಿಧಾನವಾಗಿ ಕೊನೆಗೆ ನಿಂತೇಹೋಯಿತಂತೆ. ಅಷ್ಟೂ ಕಟ್ಟುಕಥೆ. ತೋಳು ನಡೆಯುವುದು ವಿದ್ಯುತ್ ಮೋಟಾರಿನಿಂದ. ದ್ರವವೆಂದರೆ ಬಣ್ಣದ ನೀರಿಗೆ ಸೆಲ್ಯುಲೋಸ್ ಈಥರ್ ಬೆರೆಸಿ ಮಂದ ಮಾಡಿದ್ದು. ಪ್ರದರ್ಶನದ ಅವಧಿ ಮುಗಿಯಿತು, ಸ್ವಿಚ್ ಆರಿಸಿದರು.

ಹಾಗೆಂದು ನಿಮ್ಮ ಕಣ್ಣೀರು ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಆ ತೋಳಿಗೆ ಮುಖವಿಲ್ಲ, ಕಣ್ಣಿಲ್ಲ, ಚರ್ಮವಿಲ್ಲ, ದನಿಯಿಲ್ಲ. ಆದರೂ ಲಕ್ಷಾಂತರ ಜನ ಅದಕ್ಕೆ ಒಂದು ಬದುಕು ಕೊಟ್ಟರು, ಆಯುಷ್ಯ ಕೊಟ್ಟರು, ಕೊನೆಗೆ ಸಾವನ್ನೂ ಕೊಟ್ಟರು. ಮನುಷ್ಯನ ಹೋಲಿಕೆ ಇದ್ದುದರಿಂದ ಬೆಚ್ಚಿದೆವು ಎಂಬ ಸಾಮಾನ್ಯ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ನಮ್ಮನ್ನು ಹಿಡಿದದ್ದು ಅದರ ಚಲನೆಯ ಲಯ: ಬಾಚಿದ ಮೇಲೆ ಅರೆಕ್ಷಣ ನಿಲ್ಲುವುದು, ಏನೋ ನೆನಪಾದಂತೆ ತಿರುಗುವುದು, ಗಾಬರಿಯಿಂದ ಮತ್ತೆ ಬಾಗುವುದು. ಜೀವ ಇದೆ ಎಂದು ನಮ್ಮ ಮನಸ್ಸು ತೀರ್ಪು ಕೊಡುವುದು ಬಹುಮಟ್ಟಿಗೆ ಈ ಬಿಡುವುಗಳನ್ನು ನೋಡಿಯೇ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಇನ್ನೂ ಹಳೆಯ ಸಾಕ್ಷಿಯಿದೆ.

ಪೋಲೆಂಡ್ ಮೂಲದ ಬ್ರಿಟಿಷ್ ಕಲಾವಿದ ಎಡ್ವರ್ಡ್ ಇಹ್ನಾಟೊವಿಚ್ 1970ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ, ಫಿಲಿಪ್ಸ್ ಕಂಪನಿಯ ಪ್ರದರ್ಶನ ಭವನದಲ್ಲಿ ‘ಸೆನ್‌ಸ್ಟರ್’ ಎಂಬ ಯಂತ್ರಶಿಲ್ಪ ನಿಲ್ಲಿಸಿದರು. ಸುಮಾರು 15 ಅಡಿ ಉದ್ದದ ಬರೀ ಉಕ್ಕಿನ ಕೊಳವೆಗಳ ಹಂದರ, ಒಳಗಿನ ತಂತಿ-ಪೈಪುಗಳೆಲ್ಲ ಕಾಣುವಂತೆಯೇ ಬಿಟ್ಟದ್ದು. ಅದರ ಕುತ್ತಿಗೆಯ ಕೀಲುಗಳಿಗೆ ಲಾಬ್‌ಸ್ಟರ್‌ನ ಕೊಂಬೇ, ಅಂದರೆ ಇಕ್ಕುಳದಂಥ ಮುಂಗಾಲೇ, ಮಾದರಿ. ಏಡಿ ತಿನ್ನುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಂಬಿನ ಪ್ರತಿಯೊಂದು ಗಂಟೂ ಬಾಗಿಲಿನ ಕೀಲಿನಂತೆ ಒಂದೇ ದಿಕ್ಕಿಗೆ ಮಡಚುತ್ತದೆ, ಆದರೆ ಗಂಟುಗಳು ಒಂದಕ್ಕೊಂದು ಅಡ್ಡವಾಗಿ ಕೂತಿರುವುದರಿಂದ ಇಡೀ ಕೊಂಬು ಬೇಕಾದತ್ತ ತಿರುಗುತ್ತದೆ. ಸೆನ್‌ಸ್ಟರ್‌ನ ತಲೆಯಲ್ಲಿ ಮೈಕುಗಳಿದ್ದವು, ಚಲನೆಯನ್ನು ಗುರುತಿಸುವ ರೇಡಾರ್ ಇತ್ತು. ಮೆಲ್ಲಗೆ ಮಾತಾಡಿದರೆ ಅದು ಬಾಗಿ ಹತ್ತಿರ ಬರುತ್ತಿತ್ತು, ಗದ್ದಲ ಮಾಡಿದರೆ ಹಿಂದಕ್ಕೆ ಸರಿಯುತ್ತಿತ್ತು. ಜನ ಅದರೊಂದಿಗೆ ಮಾತಾಡಲು, ಅದನ್ನು ಕರೆಯಲು ಶುರು ಮಾಡಿದರು. ಇಷ್ಟಕ್ಕೂ ಅದರ ತಲೆಯಲ್ಲಿ ಇದ್ದ ನಿಯಮಗಳು ಕೆಲವೇ ಕೆಲವು. ಕೆಲವು ವರ್ಷಗಳ ನಂತರ ಬಿಚ್ಚಿಟ್ಟ ಆ ಯಂತ್ರವನ್ನು ಈಗ ಪೋಲೆಂಡಿನ ಕ್ರಾಕೋವ್‌ನ ಎಜಿಎಚ್ ವಿಶ್ವವಿದ್ಯಾಲಯ ಕೊಂಡು ಮತ್ತೆ ನಡೆಯುವಂತೆ ಮಾಡಿದೆ.

ಅದೇ 1970ರಲ್ಲಿ ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೊರಿ ಒಂದು ಸಣ್ಣ ಪ್ರಬಂಧ ಬರೆದರು. ಇಂಥ ಗೊಂಬೆಗಳ ಚರ್ಚೆ ಬಂದಾಗಲೆಲ್ಲ ಅದರ ಹೆಸರು ಬರುತ್ತದೆ. ಗೊಂಬೆಯೊಂದು ಮನುಷ್ಯನನ್ನು ಹೆಚ್ಚು ಹೆಚ್ಚು ಹೋಲುತ್ತ ಹೋದಂತೆ ನಮ್ಮ ಅಕ್ಕರೆಯೂ ಏರುತ್ತದೆ, ಆದರೆ ಹೋಲಿಕೆ ಬಹಳ ಹತ್ತಿರ ಬಂದು ಸ್ವಲ್ಪದರಲ್ಲೇ ತಪ್ಪಿದಾಗ ಅಕ್ಕರೆ ಕಣಿವೆಗೆ ಬಿದ್ದಂತೆ ಕುಸಿಯುತ್ತದೆ ಎಂಬುದು ಅವರ ಮಾತು. ನಿಜವಾದ ಕೈಯೆಂದೇ ಕುಲುಕಿದ ಕೃತಕ ಕೈ ತಣ್ಣಗೆ, ಮೂಳೆಯಿಲ್ಲದಂತೆ ಸಿಕ್ಕಾಗ ಆಗುವ ಹೇವರಿಕೆ ಅವರು ಕೊಟ್ಟ ಉದಾಹರಣೆ. ಅಂಥ ವಸ್ತು ಚಲಿಸಿದರಂತೂ ಕಣಿವೆ ಇನ್ನೂ ಆಳವಾಗುತ್ತದೆ ಎಂದರು. ಅದಕ್ಕೂ ಮುಂಚೆ, 1906ರಲ್ಲಿ, ಜರ್ಮನಿಯ ಮನೋವೈದ್ಯ ಅರ್ನ್‌ಸ್ಟ್ ಯೆಂಚ್ ಇದೇ ಜಾಗವನ್ನು ಮುಟ್ಟಿದ್ದರು: ಎದುರಿಗಿರುವುದು ಸಜೀವವೋ ನಿರ್ಜೀವವೋ ಎಂದು ತೀರ್ಮಾನಿಸಲಾಗದ ಸ್ಥಿತಿಯೇ ಈ ಬಗೆಯ ಅಳುಕಿನ ಮೂಲ ಎಂದು. 1919ರಲ್ಲಿ ಫ್ರಾಯ್ಡ್ ಯೆಂಚ್ ಮಾತನ್ನು ಒಪ್ಪದೆ ದೊಡ್ಡ ಲೇಖನವನ್ನೇ ಬರೆದರು. ಯಂತ್ರಗೊಂಬೆಗಳ ಮಟ್ಟಿಗೆ ನನಗೆ ಯೆಂಚ್ ಹೆಚ್ಚು ಉಪಯುಕ್ತ.

ಮೊರಿಯವರ ಪ್ರಬಂಧದಲ್ಲಿ ಜಪಾನಿನ ಬುನ್ರಾಕು ಗೊಂಬೆಯಾಟದ ಮಾತೂ ಬರುತ್ತದೆ. ಹತ್ತಿರದಿಂದ ನೋಡಿದರೆ ಆ ಗೊಂಬೆ ಮನುಷ್ಯನಂತಿಲ್ಲ, ಆದರೆ ದೂರದಲ್ಲಿ ಕೂತು ಆಟ ನೋಡುವಾಗ ನಾವು ಅದಕ್ಕೆ ಸೋತುಹೋಗುತ್ತೇವೆ. ಉಡುಪಿ ಜಿಲ್ಲೆಯವರು ಇದಕ್ಕೆ ಜಪಾನಿಗೆ ಹೋಗಬೇಕಾಗಿಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಯಕ್ಷಗಾನ ಗೊಂಬೆಯಾಟವಿದೆ. ಮರದ ಗೊಂಬೆ ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕಿ, ಒಂದು ಗಳಿಗೆ ತಡೆದು, ಕತ್ತು ಹೊರಳಿಸಿದಾಗ ಅದರಲ್ಲಿ ಪ್ರಾಣವಿಲ್ಲ ಎಂದು ಯಾರೂ ಹೇಳಲಾರರು. ಆದರೆ ಅದು ನಮ್ಮನ್ನು ಬೆಚ್ಚಿಬೀಳಿಸುವುದಿಲ್ಲ, ಯಾಕೆಂದರೆ ದಾರದ ಆಚೆ ತುದಿಯಲ್ಲಿ ಒಬ್ಬ ಮನುಷ್ಯನಿದ್ದಾನೆ ಎಂಬುದು ನಮಗೆ ಸದಾ ಗೊತ್ತಿರುತ್ತದೆ. ಪ್ರಾಣ ಎಲ್ಲಿಂದ ಬಂತು ಎಂಬ ಲೆಕ್ಕ ಸರಿಹೋಗುತ್ತದೆ. ನೀವು ನೋಡಿದ ಸರಪಳಿಯ ಹುಡುಗನ ವಿಷಯದಲ್ಲಿ ಸರಿಹೋಗದೆ ಉಳಿಯುವುದು ಈ ಲೆಕ್ಕವೇ.

ಆ ಹುಡುಗನ ಹೆಸರು ‘ಕಲರ್ಡ್ ಸ್ಕಲ್ಪ್ಚರ್’. ಕಲಾವಿದ ಜೋರ್ಡನ್ ವುಲ್ಫ್‌ಸನ್, ವರ್ಷ 2016. ಕೆಂಗೂದಲು, ಮಚ್ಚೆಯ ಕೆನ್ನೆ, ಹಲ್ಲು ಬಿಟ್ಟ ಮುಖ: ಅಮೆರಿಕದವರು ಬಾಲ್ಯದಿಂದ ಕಂಡ ಹಕಲ್‌ಬೆರಿ ಫಿನ್, ಹೌಡಿ ಡೂಡಿ, ಮ್ಯಾಡ್ ಪತ್ರಿಕೆಯ ಹುಡುಗ ಎಲ್ಲರನ್ನೂ ಕಲಸಿ ಮಾಡಿದ್ದು. ಮೈಗೆ ದಪ್ಪ ಸರಪಳಿಗಳು, ಅವನ್ನು ಎಳೆಯಲು ಮೇಲೆ ಹಳಿಗಳ ಮೇಲೆ ಓಡುವ ಯಂತ್ರ. ಅದು ಹುಡುಗನನ್ನು ನಿಧಾನವಾಗಿ ಎತ್ತುತ್ತದೆ, ತೂಗುಬಿಡುತ್ತದೆ, ಕಾಂಕ್ರೀಟ್ ನೆಲಕ್ಕೆ ಧಡ್ಡನೆ ಕೆಡವುತ್ತದೆ, ಮತ್ತೆ ಎಳೆದಾಡುತ್ತದೆ. ನಡುವೆ ಪರ್ಸಿ ಸ್ಲೆಡ್ಜ್ ಹಾಡಿದ ಹಳೆಯ ಪ್ರೇಮಗೀತೆಯ ತುಣುಕೂ ಕೇಳುತ್ತದೆ. ಕಣ್ಣುಗುಡ್ಡೆಯ ಜಾಗದಲ್ಲಿ ಪರದೆಗಳಿವೆ, ಮುಖ ಗುರುತಿಸುವ ಕ್ಯಾಮೆರಾದ ನೆರವಿನಿಂದ ಅವು ಕೋಣೆಯಲ್ಲಿರುವವರನ್ನು ಹುಡುಕಿ ದಿಟ್ಟಿಸುತ್ತವೆ. ಲಂಡನ್ನಿನ ಟೇಟ್ ಮಾಡರ್ನ್ 2018ರಲ್ಲಿ ಇದನ್ನು ಪ್ರದರ್ಶಿಸಿತು.

ವಿಡಿಯೋದಲ್ಲಿ ನೋಡುವಾಗ ತಪ್ಪಿಹೋಗುವ ಸಂಗತಿ ಏನೆಂದರೆ, ಇಡೀ ಕೃತಿ ನೋಟದ ಸುತ್ತ ಕಟ್ಟಿದ್ದು. ಶಿಲ್ಪವನ್ನು ನಾವು ನೋಡುತ್ತೇವೆ, ಶಿಲ್ಪ ನಮ್ಮನ್ನು ನೋಡುವುದಿಲ್ಲ ಎಂಬುದು ಪ್ರೇಕ್ಷಕರ ಹಳೆಯ ಸುಖ. ಇಲ್ಲಿ ಪೆಟ್ಟು ತಿನ್ನುವವನು ಪೆಟ್ಟಿನ ನಡುವೆ ನಿಮ್ಮ ಕಣ್ಣು ಹುಡುಕುತ್ತಾನೆ. ಅವನನ್ನು ಬಿಡಿಸಲು ಹೋಗುವಂತಿಲ್ಲ. ಎದ್ದು ಹೋದರೆ ತಪ್ಪಿತಸ್ಥರಂತೆ ಅನಿಸುತ್ತದೆ, ನಿಂತರೆ ಇನ್ನೂ ಹೆಚ್ಚು ತಪ್ಪಿತಸ್ಥರಂತೆ ಅನಿಸುತ್ತದೆ. ಬೀದಿಯಲ್ಲಿ ಯಾರಿಗೋ ಹೊಡೆಯುವಾಗ ಸುತ್ತ ಮೊಬೈಲ್ ಎತ್ತಿ ನಿಂತವರ ನೆನಪಾಗದೆ ಇರುವುದಿಲ್ಲ.

ಎರಡು ವರ್ಷ ಮೊದಲು, 2014ರಲ್ಲಿ, ಇದೇ ವುಲ್ಫ್‌ಸನ್ ಹಾಲಿವುಡ್‌ನ ವಿಶೇಷ ಪರಿಣಾಮಗಳ ಸ್ಟುಡಿಯೊ ಒಂದರ ಜೊತೆ ಸೇರಿ ‘ಫೀಮೇಲ್ ಫಿಗರ್’ ಮಾಡಿದ್ದರು. ಕಂಬವೊಂದರಿಂದ ಕನ್ನಡಿಗೆ ಬಿಗಿದ, ಬಿಳಿಯ ಉಡುಪಿನಲ್ಲಿ ಕುಣಿಯುವ ಹೆಣ್ಣಿನ ಯಂತ್ರ, ಮುಖಕ್ಕೆ ಮಾಟಗಾತಿಯ ಹಸಿರು ಮುಖವಾಡ, ಮೈತುಂಬ ಕೊಳೆಯ ಕಲೆ. ಅದೂ ಕನ್ನಡಿಯ ಮೂಲಕ ನಿಮ್ಮ ಕಣ್ಣಿಗೆ ಕಣ್ಣು ಕೂಡಿಸುತ್ತದೆ. ಹೆಣ್ಣನ್ನು ನೋಡುವ ಗಂಡಿನ ಕಣ್ಣನ್ನು ಟೀಕಿಸುತ್ತಿದೆ ಎಂದು ಹೊಗಳಿದವರಿದ್ದಾರೆ. ನನಗೆ ಅದು ತಾನು ಟೀಕಿಸುವ ಚಟವನ್ನೇ ಚಪ್ಪರಿಸುವಂತೆ ಕಾಣುತ್ತದೆ. ಸರಪಳಿಯ ಹುಡುಗನ ಮುಂದೆ ಅದು ಬಹಳ ಕೆಳಗಿನ ಕೃತಿ. 2023ರಲ್ಲಿ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿ ತೆರೆದುಕೊಂಡ ‘ಬಾಡಿ ಸ್ಕಲ್ಪ್ಚರ್’ನಲ್ಲಿ ಮುಖವನ್ನೇ ಕೈಬಿಟ್ಟು, ಕೈಗಳಿರುವ ಒಂದು ಲೋಹದ ಪೆಟ್ಟಿಗೆಯನ್ನಷ್ಟೇ ಉಳಿಸಿಕೊಂಡರು.

ಇದೆಲ್ಲ ಪಾಶ್ಚಾತ್ಯರ ಹೊಸ ಹುಚ್ಚು ಎಂದು ಮೂಗು ಮುರಿಯುವವರಿಗೆ ನಾನು ನೆನಪಿಸುವುದು ಶ್ರೀರಂಗಪಟ್ಟಣದ ಹುಲಿಯನ್ನು. 1799ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಅರಮನೆಯಲ್ಲಿ ಸಿಕ್ಕಿದ, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಮರದ ಯಂತ್ರ ಅದು. ಬಣ್ಣ ಹಚ್ಚಿದ ಹುಲಿ ಯುರೋಪಿಯನ್ ಒಬ್ಬನ ಮೇಲೆರಗಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡುತ್ತವೆ, ಹುಲಿ ಗುರುಗುಟ್ಟುತ್ತದೆ, ಬಿದ್ದವನು ನರಳುತ್ತಾನೆ, ಅವನ ಎಡಗೈ ಬಾಯಿಯ ಹತ್ತಿರ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ಒಳಗೆ ನುಡಿಸುವ ಮನೆಗಳಿರುವ ಸಣ್ಣ ಆರ್ಗನ್ ಬೇರೆ. ಲಂಡನ್ನಿನಲ್ಲಿ ಕಂಪನಿಯ ಗ್ರಂಥಾಲಯದಲ್ಲಿ ಇಟ್ಟಿದ್ದ ಕಾಲದಲ್ಲಿ ಬಂದವರೆಲ್ಲ ಹಿಡಿಕೆ ತಿರುಗಿಸಿ ಓದುವವರ ತಲೆ ಕೆಡಿಸುತ್ತಿದ್ದರಂತೆ. ಮಂಗಳೂರಿನ ಕುಲಶೇಖರದ ಕಡೆಯೋ ಕದ್ರಿಯ ಕಡೆಯೋ ಗುಂಡಿ ಒತ್ತಿದರೆ ಗರ್ಜಿಸುವ ಹುಲಿ ಇಟ್ಟರೆ ನಮ್ಮವರೂ ಅದನ್ನೇ ಮಾಡುತ್ತಿದ್ದರು ಬಿಡಿ.

ಆ ಹುಲಿಗೂ ಸರಪಳಿಯ ಹುಡುಗನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹುಲಿಯ ಹಿಡಿಕೆ ಯಾರದೋ ಕೈಯಲ್ಲಿದೆ. ನರಳಿಸುವವನು ಯಾರು, ನರಳುವವನು ಯಾರು, ನಗುವವನು ಯಾರು ಎಂಬುದರಲ್ಲಿ ಗೊಂದಲವಿಲ್ಲ. ಅದು ಗೆದ್ದೇ ತೀರುವೆನೆಂಬ ಅರಸನ ಆಟಿಕೆ. ಹುಡುಗನ ಸರಪಳಿಯನ್ನು ಎಳೆಯುವುದು ಕಂಪ್ಯೂಟರಿನಲ್ಲಿ ಬರೆದಿಟ್ಟ ಒಂದು ಕಾರ್ಯಕ್ರಮ. ದೂರಲು ಎದುರಿಗೆ ಯಾರೂ ಇಲ್ಲ.

ಈಗ ನಿಮ್ಮ ಪ್ರಶ್ನೆಯ ನಡುವಿನ ಭಾಗಕ್ಕೆ ಬರುತ್ತೇನೆ. ಅದೇ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಮಾತು. ಗುಳಿಗನ ಕೋಲದಲ್ಲೂ ಹೆದರಿಕೆ ಇತ್ತು, ಆದರೆ ಈ ಬಗೆಯದಲ್ಲ ಎಂದಿದ್ದೀರಿ. ಕೋಲದ ರಾತ್ರಿ ಏನೇನು ನಡೆಯುತ್ತದೆ ಎಂದು ನೆನಪಿಸಿಕೊಳ್ಳಿ. ಚಪ್ಪರದ ಬದಿಯಲ್ಲಿ ಕೂತು ಮುಖಕ್ಕೆ ಅರದಾಳ ಬಳಿದುಕೊಳ್ಳುವವರನ್ನು ನೀವು ಬಲ್ಲಿರಿ, ಬಹುಶಃ ಅವರ ಮನೆಯವರನ್ನೂ ಬಲ್ಲಿರಿ. ತೆಂಬರೆ ವಾದ್ಯದ ಸದ್ದು, ದೈವದ ಕಥೆ ಹೇಳುವ ಪಾಡ್ದನ, ಬೆನ್ನಿಗೆ ಕಟ್ಟುವ ಎಳೆಯ ತೆಂಗಿನ ಗರಿಯ ಅಣಿ, ಕಾಲಿಗೆ ಗಗ್ಗರ, ಎಲ್ಲವೂ ನಿಮ್ಮ ಕಣ್ಣೆದುರಿಗೇ ಒಂದೊಂದಾಗಿ ಕೂಡಿಕೊಳ್ಳುತ್ತವೆ. ಆವೇಶ ಬರುವ ಗಳಿಗೆಗೆ ಇಡೀ ಊರು ಸಿದ್ಧವಾಗಿರುತ್ತದೆ. ಆಮೇಲೆ ಅತಿ ಮುಖ್ಯವಾದದ್ದು: ದೈವ ಮಾತಾಡುತ್ತದೆ. ಕೇಳಿದ್ದಕ್ಕೆ ನುಡಿ ಕೊಡುತ್ತದೆ, ಗದರಿಸುತ್ತದೆ, ಜಾಗದ ತಗಾದೆ ಹೇಳಿಕೊಂಡವರನ್ನು ವಿಚಾರಿಸುತ್ತದೆ, ಕೊನೆಗೆ ಅಭಯ ಕೊಟ್ಟು ಪ್ರಸಾದ ಕೈಗೆ ಹಾಕುತ್ತದೆ. ಹೆದರಿಕೆ ಒಳಗೆ ಬರಲು ಒಂದು ಬಾಗಿಲು, ಹೊರಗೆ ಹೋಗಲು ಇನ್ನೊಂದು ಬಾಗಿಲು ಅಲ್ಲಿದೆ.

ಗ್ಯಾಲರಿಯ ಯಂತ್ರ ನಿಮ್ಮ ಕಣ್ಣನ್ನು ಹುಡುಕುತ್ತದೆ, ಆದರೆ ನಿಮ್ಮ ಮಾತನ್ನು ಕೇಳುವುದಿಲ್ಲ. ನೋಟ ಎಂದರೆ ಒಂದು ಕರೆ. ಕರೆದು ಸುಮ್ಮನಿರುವವರ ಎದುರು ನಿಂತಂತೆ ನೀವು ಅಲ್ಲಿ ನಿಲ್ಲಬೇಕಾಗುತ್ತದೆ. ಹೆದರಿಕೆ ಕಟ್ಟಿಕೊಂಡು ಮನೆಗೆ ಬರುತ್ತೀರಿ, ಅದನ್ನು ಇಳಿಸುವವರಿಲ್ಲ. ನಿಮಗಾದ ಅಸಹ್ಯದ ಹೆಚ್ಚಿನ ಪಾಲು ಇಲ್ಲಿಂದ ಬಂದದ್ದು ಎಂದು ನನಗನಿಸುತ್ತದೆ. ಸಮಕಾಲೀನ ಕಲೆ ಬೇಕೆಂದೇ ಈ ಎರಡನೆಯ ಬಾಗಿಲನ್ನು ಮುಚ್ಚುತ್ತದೆ. ಊರು, ದೈವ, ನ್ಯಾಯ ಯಾವುದೂ ಜೊತೆಗಿಲ್ಲದ ನಗರದ ಒಂಟಿ ಮನುಷ್ಯನ ಅನುಭವ ಅದಕ್ಕೆ ಬೇಕಾಗಿರುವುದು. ಆ ಅನುಭವ ಸುಳ್ಳಲ್ಲ, ಕಾಪುವಿನಲ್ಲೂ ಅದು ಇದೆ.

ಹಾಗಾಗಿ ಕಲೆಯೇ ಎಂದರೆ ಹೌದು. ಎಲ್ಲವೂ ಒಳ್ಳೆಯ ಕಲೆಯೇ ಎಂದರೆ ಅಲ್ಲ. ಬೆಚ್ಚಿಬೀಳಿಸುವುದು ಸುಲಭದ ಕೆಲಸ, ವಸ್ತು ಪ್ರದರ್ಶನದ ರಬ್ಬರ್ ಡೈನೋಸಾರ್ ಕೂಡ ಅದನ್ನು ಮಾಡುತ್ತದೆ. ಅಮೆರಿಕದ ಪಾಲ್ ಮೆಕಾರ್ತಿ ದಶಕಗಳಿಂದ ಯಂತ್ರಗೊಂಬೆಗಳಲ್ಲಿ ಕೊಳಕನ್ನೂ ಅಶ್ಲೀಲವನ್ನೂ ರಾಶಿ ಹಾಕುತ್ತ ಬಂದಿದ್ದಾರೆ, ಅವರ ಉಸಿರಾಡುತ್ತ ಮಲಗಿರುವ ಯಂತ್ರದ ಹಂದಿ ಮಾತ್ರ ನನಗೆ ಇಷ್ಟ. ನೀವು ಮಗಳ ಜೊತೆ ಕೂತು ನೋಡಬೇಕಾದ ಇನ್ನೊಂದು ಕೃತಿಯಿದೆ. ಅದೇ ಸುನ್ ಯುವಾನ್ ಮತ್ತು ಪೆಂಗ್ ಯು 2007ರಲ್ಲಿ ಮಾಡಿದ ‘ಓಲ್ಡ್ ಪರ್ಸನ್ಸ್ ಹೋಮ್’. ಜಗತ್ತಿನ ಹಳೆಯ ನಾಯಕರನ್ನೋ ಸೇನಾಪತಿಗಳನ್ನೋ ನೆನಪಿಸುವ 13 ಮುದುಕರ ಜೀವಂತದಂಥ ಗೊಂಬೆಗಳು ವಿದ್ಯುತ್ ಗಾಲಿಕುರ್ಚಿಗಳಲ್ಲಿ ಕೂತು ತೂಕಡಿಸುತ್ತ ಕೋಣೆಯಲ್ಲಿ ಅಲೆಯುತ್ತಿರುತ್ತವೆ, ಒಂದಕ್ಕೊಂದು ಮೆಲ್ಲಗೆ ತಾಗುತ್ತವೆ, ತಿರುಗಿ ಬೇರೆ ದಿಕ್ಕು ಹಿಡಿಯುತ್ತವೆ. ರಕ್ತವಿಲ್ಲ, ಹೊಡೆತವಿಲ್ಲ. ಮೊದಲು ನಗು ಬರುತ್ತದೆ. ಸ್ವಲ್ಪ ಹೊತ್ತು ನಿಂತರೆ, ಜಗತ್ತನ್ನು ಆಳಿದವರು ಕೊನೆಗೆ ಹೀಗೆ ಗುರಿಯಿಲ್ಲದೆ ಡಿಕ್ಕಿ ಹೊಡೆಯುತ್ತಿದ್ದಾರೆಂಬ ಅರಿವು ಮೆಲ್ಲನೆ ಏರುತ್ತದೆ. ಸರಪಳಿಯ ಹುಡುಗನಿಗಿಂತ ಇದನ್ನು ನಾನು ಮೇಲಿಡುತ್ತೇನೆ.

ಮಗಳ ಯೋಜನೆಗೆ ಬರೋಣ. ದೈವದ ಮೊಗ ಬೇಡ. ನಂಬಿಕೆಗೆ ನೋವಾಗುತ್ತದೆ ಎಂಬ ಕಾರಣ ಇದ್ದೇ ಇದೆ. ದೈವದ ವೇಷವನ್ನು ಮೆರವಣಿಗೆಯ ಸ್ತಬ್ಧಚಿತ್ರಗಳಲ್ಲಿ, ವೇದಿಕೆಗಳಲ್ಲಿ ಬಳಸುವುದಕ್ಕೆ ತುಳುನಾಡಿನಲ್ಲಿ ವಿರೋಧ ಬರುತ್ತಲೇ ಇದೆ, ಅದನ್ನು ಹಗುರವಾಗಿ ಕಾಣಬಾರದು. ಕಲೆಯ ದೃಷ್ಟಿಯಿಂದಲೂ ಬೇಡ ಎನ್ನುತ್ತೇನೆ. ಬಾರ್ಕೂರಿನ ಆಚೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಕೆಂಬಣ್ಣದ ಆಳೆತ್ತರದ ಮರದ ಮೂರ್ತಿಗಳನ್ನು ಅವಳು ನೋಡಿರಬಹುದು. ಅಲ್ಲಿನ ಹಳೆಯ ಮೂರ್ತಿಗಳಲ್ಲಿ ಕೆಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಅದೇ ಮರ, ಅದೇ ಉಬ್ಬಿದ ಕಣ್ಣು. ಆದರೆ ದೆಹಲಿಯಲ್ಲಿ ಅವು ಅದ್ಭುತ ಕೆತ್ತನೆ, ಊರಿನಲ್ಲಿ ದೈವ. ಮೊಗಕ್ಕೆ ಮೋಟಾರು ಕೂಡಿಸಿದರೆ ನೋಡುವವರು ಬೆಚ್ಚುವುದು ಶತಮಾನಗಳಿಂದ ಊರು ಕಟ್ಟಿದ ಭಯಕ್ಕೆ. ಅವಳು ಕಟ್ಟಿದ್ದು ಏನೆಂದು ಅವಳಿಗೇ ತಿಳಿಯುವುದಿಲ್ಲ. ಎರವಲು ತಂದ ಭಯದಲ್ಲಿ ಕಲಿಕೆಯಾಗದು.

ಅವಳಿಗೆ ಗೊತ್ತಿರುವ ಕೈಗಳನ್ನು ಮಾಡಲಿ. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಕೈ ನೋಡದವರಾರು? ಮಡಿಲ ಮೇಲೆ ಗೆರಸೆ, ಎಲೆ ಹಿಡಿದು ಸುರುಳಿ ಸುತ್ತಿ, ತುದಿ ಮಡಚಿ, ನೂಲು ಸುತ್ತುವ ಬೆರಳುಗಳು. ಮುಖ ಬೇಡ, ಮೈ ಬೇಡ. ಎಲೆಯಿಲ್ಲ, ಹೊಗೆಸೊಪ್ಪಿಲ್ಲ, ಖಾಲಿ ಗೆರಸೆಯ ಮೇಲೆ ಎರಡು ಕೈ ಸುತ್ತುತ್ತಲೇ ಇರಲಿ. ಯಾರಾದರೂ ಹತ್ತಿರ ಬಂದರೆ ನಿಲ್ಲಲಿ, ಅವರು ದೂರ ಸರಿದ ಮೇಲೆ ಮತ್ತೆ ಶುರುವಾಗಲಿ. ಇದು ನನ್ನ ಸಲಹೆಯಷ್ಟೇ. ಮೀನು ಕೊಯ್ಯುವ ಕೈಯೂ ಆಗಬಹುದು, ಬಸ್ಸಿನ ಬಾಗಿಲು ಬಡಿಯುವ ಕೈಯೂ ಆಗಬಹುದು.

ಮಾಡುವ ವಿಧಾನದ ಬಗ್ಗೆ ಕೆಲವು ಮಾತು. ಚರ್ಮದ ಮೇಲೆ ಹಣ ಸುರಿಯುವುದು ಬೇಡ. ಒಳ್ಳೆಯ ಸಿಲಿಕೋನ್ ದುಬಾರಿ, ಸುಳ್ಯ-ಬೆಳ್ತಂಗಡಿ ಕಡೆ ರಬ್ಬರ್ ಹಾಲು ಸುಲಭವಾಗಿ ಸಿಕ್ಕರೂ ಅದರಲ್ಲಿ ಮಾಡಿದ ತೆಳು ಚರ್ಮ ಬಿಸಿಲು-ಗಾಳಿಗೆ ಬೇಗ ಬಿರುಕು ಬಿಡುತ್ತದೆ. ಮರದ ಕೈಯೇ ಸಾಕು. ಹಣ, ಸಮಯ ಎರಡನ್ನೂ ಚಲನೆಗೆ ಇಡಲಿ. ದಸರಾ ಸ್ತಬ್ಧಚಿತ್ರಗಳನ್ನು ಕಟ್ಟುವವರು ಬಳಸುವ ಹಳೆಯ ಉಪಾಯ ಗುಜರಿ ಅಂಗಡಿಯಲ್ಲಿ ಸಿಗುವ, ವಾಹನದ ಗಾಜು ಒರೆಸುವ ವೈಪರ್ ಮೋಟಾರು. 12 ವೋಲ್ಟ್, ಭಾರ ಎಳೆಯುವ ಶಕ್ತಿ ಧಾರಾಳ. ಆದರೆ ಅದು ಒಂದೇ ಸಮನೆ ತಿರುಗುವುದರಿಂದ ಗೊಂಬೆಯ ಕೈ ಲೋಲಕದಂತೆ ಆಡುತ್ತದೆ, ಜೀವ ಬರುವುದಿಲ್ಲ. ಮೆರವಣಿಗೆಯ ರಾವಣ ಕತ್ತಿ ಬೀಸುತ್ತಿದ್ದರೂ ನಮಗೆ ನಗು ಬರುವುದು ಇದಕ್ಕೇ. ಮೋಟಾರಿನ ಅಚ್ಚಿಗೆ ಒಂದು ಕ್ಯಾಮ್, ಅಂದರೆ ತಿರುಗುತ್ತ ಅಂಚಿನ ಏರಿಳಿತದಿಂದ ಕೈಯನ್ನು ಆಡಿಸುವ ಬಿಲ್ಲೆ, ಕೂಡಿಸಿ, ಅದರ ಅಂಚಿನ ಒಂದು ಭಾಗವನ್ನು ಸರಿಯಾದ ವೃತ್ತದ ಕಮಾನಾಗಿ ಬಿಟ್ಟರೆ ಆ ಭಾಗ ಹಾದುಹೋಗುವಷ್ಟು ಹೊತ್ತು ಕೈ ಸ್ಥಿರವಾಗಿ ನಿಲ್ಲುತ್ತದೆ. ಈ ನಿಲುಗಡೆಯನ್ನು ಕೆತ್ತುವುದೇ ಅವಳ ನಿಜವಾದ ಶಿಲ್ಪಕೆಲಸ. ಪ್ಲೈವುಡ್‌ನಲ್ಲಿ ಹತ್ತಾರು ಕ್ಯಾಮ್ ಕತ್ತರಿಸಿ ನೋಡಲಿ.

ಬೆರಳುಗಳಿಗೆ ಸಣ್ಣ ಸರ್ವೋ ಮೋಟಾರು, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವಂಥದ್ದು, ಬೇಕಾಗುತ್ತದೆ. ಅವುಗಳಿಗೆ ನಿಯಂತ್ರಕ ಬೋರ್ಡಿನಿಂದಲೇ ವಿದ್ಯುತ್ ಕೊಟ್ಟರೆ ಬೆರಳು ನಡುಗುತ್ತದೆ, ಬೋರ್ಡ್ ಮತ್ತೆ ಮತ್ತೆ ಆರಿ ಹೊತ್ತುತ್ತದೆ. ಬೇರೆ ಸಪ್ಲೈ ಇರಲಿ, ಎರಡರ ಗ್ರೌಂಡ್ ತಂತಿ ಮಾತ್ರ ಒಂದಾಗಿರಲಿ. ಮುಂದೆ ಎಂದಾದರೂ ಕಣ್ಣು ಮಾಡುವುದಾದರೆ ಇನ್ನೊಂದು ಗುಟ್ಟು: ಮನುಷ್ಯನ ಕಣ್ಣು ಹೊಸದೊಂದನ್ನು ಕಂಡು ಅತ್ತ ತಿರುಗಲು ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆ, ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ತಡವಿಲ್ಲದೆ ಹಿಂಬಾಲಿಸುವ ಕಣ್ಣು ಬರೀ ಯಂತ್ರ. ಚೂರು ತಡೆದು, ನೆಗೆದಂತೆ ತಿರುಗಿ, ಅಲ್ಲೇ ನೆಟ್ಟ ಕಣ್ಣು ಎದೆ ನಡುಗಿಸುತ್ತದೆ.

ಜನ ಬಂದದ್ದನ್ನು ತಿಳಿಯಲು ಸಾಮಾನ್ಯವಾಗಿ ಕೊಳ್ಳುವುದು ಪಿಐಆರ್ ಸೆನ್ಸರ್, ಮೆಟ್ಟಿಲ ದೀಪಗಳಿಗೆ ಹಾಕುವಂಥದ್ದು. ಅದು ಗುರುತಿಸುವುದು ಮೈಯ ಬಿಸಿಗೂ ಹಿನ್ನೆಲೆಯ ಬಿಸಿಗೂ ಇರುವ ವ್ಯತ್ಯಾಸವನ್ನು. ಏಪ್ರಿಲ್-ಮೇ ತಿಂಗಳಲ್ಲಿ ಮಂಗಳೂರಿನ ಕೋಣೆಯ ಗೋಡೆಯೇ ಮೈಯಷ್ಟು ಬಿಸಿಯಾಗಿರುವಾಗ ಅದು ಕುರುಡಾಗುತ್ತದೆ. ಶಬ್ದದ ಅಲೆಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಅಥವಾ ಸಾದಾ ಕ್ಯಾಮೆರಾ ಮೇಲು. ಕಬ್ಬಿಣದ ಸಣ್ಣ ಸಾಮಾನುಗಳು ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಹಗ್ಗ, ರಾಟೆ, ಕೊಂಡಿಗಳಿಗೆ ಮಲ್ಪೆ ಬಂದರಿನ ಬೋಟು ಸಾಮಾನಿನ ಅಂಗಡಿಗಳಿಗೆ ಹೋಗಲಿ, 316 ದರ್ಜೆಯ ಸ್ಟೇನ್‌ಲೆಸ್ ಕೇಳಲಿ. ಮೋಟಾರಿನ ಗುಂಯ್ ಸದ್ದನ್ನು ಮುಚ್ಚಲು ಹಿನ್ನೆಲೆ ಸಂಗೀತ ಹಾಕುವ ಚಟ ವಿದ್ಯಾರ್ಥಿಗಳಿಗಿದೆ. ಬೇಡವೇ ಬೇಡ.

ಕರೆಂಟು ಹೋದಾಗ ಕೈ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ವೈಪರ್ ಮೋಟಾರಿನ ಒಳಗಿನ ತಿರುಪಿನಂಥ ವರ್ಮ್ ಗೇರ್ ಹಿಮ್ಮುಖವಾಗಿ ತಿರುಗುವುದಿಲ್ಲ, ಹಾಗಾಗಿ ಎತ್ತಿದ ಕೈ ಎತ್ತಿದಲ್ಲೇ ಉಳಿಯುತ್ತದೆ. ಸರ್ವೋ ಆದರೆ ತೂಕಕ್ಕೆ ಕುಸಿಯುತ್ತದೆ. ಮಣಿಕಟ್ಟು ಮೇಲೆ ನಿಂತು ಬೆರಳು ಮಾತ್ರ ಜೋತುಬಿದ್ದ ಕೈ, ಚಲಿಸುವ ಕೈಗಿಂತ ಹೆಚ್ಚು ಕಾಡಬಹುದು. ಅವಳು ಅದನ್ನು ಬೇಕೆಂದೇ ಬಳಸಿಕೊಳ್ಳಬಹುದು.

ಬಿಡಬಹುದೇ ಎಂದು ಕೇಳಿದಿರಿ. ಮೇಲಿನ ಬದಲಾವಣೆಗೆ ಅವಳು ಒಪ್ಪಿದರೆ ಧಾರಾಳವಾಗಿ ಬಿಡಿ, ವೆಲ್ಡಿಂಗ್ ಶೆಡ್ಡಿಗೆ ಹೋಗುವ ಮೊದಲ ದಿನ ಜೊತೆಗೂ ಹೋಗಿ. ಯಾವುದನ್ನೇ ಮೇಲಿಂದ ತೂಗುಹಾಕುವುದಾದರೂ ಪ್ರತಿಯೊಂದಕ್ಕೂ ಎರಡನೆಯ ಕಾವಲು ಹಗ್ಗ ಇರಲೇಬೇಕು. ಸಪ್ಲೈಗೆ ಇಎಲ್‌ಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್, ಹಾಕಿಸಿ. ಮಕ್ಕಳ ಬೆರಳು ಗೇರಿಗೆ ಸಿಗದಂತೆ ಒಂದು ತೋಳಿನಷ್ಟು ದೂರದಲ್ಲಿ ಅಡ್ಡಪಟ್ಟಿ ಕಟ್ಟಲಿ. ಕೆಂಪು ಗುಂಡಿಯ ತುರ್ತು ಸ್ವಿಚ್ಚನ್ನು ಯಂತ್ರದ ಹಿಂದೆ ಅಡಗಿಸದೆ, ಬಾಗಿಲ ಬಳಿ ಕೂರುವ ವಿದ್ಯಾರ್ಥಿಯ ಕೈಗೆ ಎಟುಕುವಲ್ಲಿ ಇಡಿಸಿ.